ನಿಲ್ಲಿಸುವುದಾದರೆ ನಿಲ್ಲಿಸಿ, ಕಥೆ ಮುಗಿಸಲು ಇಪ್ಪತ್ತು ಸಂಚಿಕೆ ಕೊಡಿಸಿ: ಜಾಹೀರಾತು ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಟಿವಿಯಲ್ಲಿ ಜಾಹೀರಾತು ಹಾಕಿಸುವ ಎಲ್ಲ ಕಂಪನಿಗಳವರಿಗೆ ನಮಸ್ಕಾರ.

ಸೋಪು, ಶಾಂಪೂ, ಟೂತ್‌ಪೇಸ್ಟ್, ಬಾತ್‌ರೂಮ್ ತೊಳೆಯುವ ಲಿಕ್ವಿಡ್ ಮಾರುವ ದೊಡ್ಡ ಕಂಪನಿಗಳಿಗೂ ಬರೆಯುತ್ತಿದ್ದೇನೆ, ನಮ್ಮ ಕಡೆಯ ಚಿನ್ನದ ಅಂಗಡಿ, ರೇಷ್ಮೆ ಸೀರೆ, ಊದುಬತ್ತಿ, ಸಾಂಬಾರ್ ಪುಡಿಯವರಿಗೂ ಬರೆಯುತ್ತಿದ್ದೇನೆ. ದೊಡ್ಡವರ ಬಜೆಟ್ ತೀರ್ಮಾನ ಆಗುವುದು ಹೆಚ್ಚಾಗಿ ಮುಂಬೈ, ಗುರುಗ್ರಾಮದ ಕಡೆ ಎಂದು ಗೊತ್ತು. ನಿಮ್ಮ ಆಫೀಸಿನಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇರುತ್ತಾರೆ. ಅವರ ಕೈಲಿ ಓದಿಸಿ. ಕನ್ನಡದಲ್ಲಿ ಸೋಪು ಮಾರಲು ಬರುತ್ತದೆ ಎಂದಮೇಲೆ ಕನ್ನಡದಲ್ಲಿ ಬಂದ ಪತ್ರ ಓದಿಸಿಕೊಳ್ಳುವುದೂ ಕಷ್ಟ ಆಗಬಾರದು, ಅಲ್ವಾ?

ವಿಷಯ ಇಷ್ಟೇ. ನಮ್ಮ ಸೀರಿಯಲ್‌ಗಳನ್ನು ಅರ್ಧದಲ್ಲಿ ನಿಲ್ಲಿಸಬೇಡಿ. ನಿಲ್ಲಿಸಲೇಬೇಕು ಎಂದಾದರೆ ಕಥೆ ಮುಗಿಸಿಕೊಳ್ಳಲು ಇಪ್ಪತ್ತು ಸಂಚಿಕೆ ಕೊಡಿಸಿ.

"ನಾವೆಲ್ಲಿ ನಿಲ್ಲಿಸುತ್ತೇವೆ, ಅದು ಚಾನೆಲ್‌ನವರ ತೀರ್ಮಾನ" ಎಂದು ನೀವು ಹೇಳಬಹುದು. ನಾವೂ ಹಾಗೇ ನಡೆದುಕೊಳ್ಳುತ್ತೇವೆ. ಸೀರಿಯಲ್ ನಿಂತರೆ ಚಾನೆಲ್‌ನ ಫೇಸ್‌ಬುಕ್ ಪೇಜಿಗೆ ಹೋಗಿ ಬೈಯುತ್ತೇವೆ. ನಿರ್ದೇಶಕರಿಗೆ ಬೈಯುತ್ತೇವೆ, ಸಂಭಾಷಣೆ ಬರೆದವರಿಗೆ ಬೈಯುತ್ತೇವೆ, ಪಾಪ, ಏನೂ ಗೊತ್ತಿಲ್ಲದ ಹೀರೋಯಿನ್‌ಗೂ ಬೈಯುತ್ತೇವೆ. ನಿಮಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ನೀವು ಬ್ರೇಕಿನಲ್ಲಿ ಬಂದು ನಗುನಗುತ್ತಾ ಬಟ್ಟೆ ಒಗೆದು ಹೋಗುತ್ತೀರಿ. ಆದರೆ ಚಾನೆಲ್‌ನವರು ಪ್ರತಿ ಗುರುವಾರ ಎದೆ ಹಿಡಿದುಕೊಂಡು ಕಾಯುವ ಆ ಅಂಕಿ ಇದೆಯಲ್ಲ, ಟಿಆರ್‌ಪಿ, ಅದು ಇರುವುದೇ ನಿಮಗಾಗಿ. ನಮಗೆ ಯಾವ ಸೀರಿಯಲ್ ಇಷ್ಟ ಅಂತ ನಮಗೆ ಗೊತ್ತು, ಅದಕ್ಕೆ ಅಂಕಿ ಯಾಕೆ? ಹತ್ತು ಸೆಕೆಂಡಿಗೆ ಎಷ್ಟು ದುಡ್ಡು ಕೊಡಬೇಕು ಅಂತ ತಿಳಿಯಬೇಕಾದವರು ನೀವು.

ನನ್ನ ಪರಿಚಯ ಸ್ವಲ್ಪ. ಹಾಸನದ ಕಡೆ ಪಿಯು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಮನೆಯಲ್ಲಿ ಅತ್ತೆ ಸೀರಿಯಲ್ ನೋಡುತ್ತಾರೆ, ನಾನು ಅಡುಗೆಮನೆಯಿಂದ ಇಣುಕುತ್ತಿರುತ್ತೇನೆ. ಸುಮ್ನೆ ಸುಳ್ಳು ಯಾಕೆ, ನಾನೂ ಕೂತೇ ನೋಡುತ್ತೇನೆ. ಈಚೆಗೆ ಹಾಗೆ ಇಬ್ಬರೂ ಕೂತು ನೋಡುತ್ತಿದ್ದ ಒಂದು ಸೀರಿಯಲ್ ನಿಂತುಹೋಯಿತು. ಸೀರಿಯಲ್ ಹೆಸರು, ಚಾನೆಲ್ ಹೆಸರು ಎರಡೂ ಬೇಡ, ಎಲ್ಲ ಕಡೆಯೂ ನಡೆಯುವುದೇ. ಅಪ್ಪನ ಜಮೀನಿಗಾಗಿ ಮಗಳು ಕೋರ್ಟಿಗೆ ಹೋದ ಕಥೆ. ಸಾಕ್ಷಿ ಹೇಳಬೇಕಾದ ಶ್ಯಾನುಭೋಗರು ಆಸ್ಪತ್ರೆಯಲ್ಲಿ, ಅಣ್ಣ ಸುಳ್ಳು ಪತ್ರ ಮಾಡಿಸಿ ಸಿಕ್ಕಿಬೀಳುವ ಹಂತದಲ್ಲಿ. ಮೊದಲು ರಾತ್ರಿ ಎಂಟಕ್ಕಿದ್ದದ್ದು ಹತ್ತೂವರೆಗೆ ಹೋಯಿತು. ಅತ್ತೆ ಅವತ್ತೇ ಹೇಳಿದರು, "ಇದರ ಕಥೆ ಮುಗೀತು ಕಣಮ್ಮ" ಅಂತ. ಕೆಲವೇ ವಾರಕ್ಕೆ ಕೊನೆಯ ಸಂಚಿಕೆ ಬಂತು. ಅದೊಂದೇ ಸಂಚಿಕೆಯಲ್ಲಿ ಶ್ಯಾನುಭೋಗರಿಗೆ ಪ್ರಜ್ಞೆ ಬಂತು, ಅಣ್ಣನಿಗೆ ಬುದ್ಧಿ ಬಂತು, ಜಡ್ಜ್ ತೀರ್ಪು ಕೊಟ್ಟರು, ಎರಡು ಮದುವೆ ಆದವು, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು, ಶುಭಂ. ನಡುವೆ ನಿಮ್ಮ ಜಾಹೀರಾತು ಮಾತ್ರ ಒಂದೂ ಕಡಿಮೆ ಆಗಲಿಲ್ಲ.

ಈ ಟಿಆರ್‌ಪಿ ಹೇಗೆ ಹುಟ್ಟುತ್ತದೆ ಎಂದು ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, ಅವರಿಗಾಗಿ ಹೇಳುತ್ತೇನೆ, ನೀವು ಬೇಕಾದರೆ ಈ ಭಾಗ ದಾಟಿಕೊಳ್ಳಿ. ಮೊದಲು ಟ್ಯಾಮ್ ಅಂತ ಒಂದು ಸಂಸ್ಥೆ ಅಳೆಯುತ್ತಿತ್ತು. 2015ರಿಂದ ಅಳೆಯುತ್ತಿರುವುದು ಬಾರ್ಕ್ ಇಂಡಿಯಾ. ಆಯ್ದ ಮನೆಗಳ ಟಿವಿಗೆ ಒಂದು ಪುಟ್ಟ ಮೀಟರ್ ಹಾಕುತ್ತಾರೆ. ಚಾನೆಲ್‌ನ ಧ್ವನಿಯ ಜೊತೆಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯ ಒಬ್ಬೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಬಟನ್. ಟಿವಿ ಮುಂದೆ ಕೂತರೆ ಒತ್ತಬೇಕು, ಎದ್ದುಹೋದರೆ ಮತ್ತೆ ಒತ್ತಬೇಕು. ಒಲೆ ಮೇಲೆ ಹಾಲು ಉಕ್ಕುತ್ತಿರುವಾಗ ಬಟನ್ ಒತ್ತಿ ಎದ್ದು ಓಡುವ ಗೃಹಿಣಿಯನ್ನು ನಾನಂತೂ ಕಂಡಿಲ್ಲ, ಇರಲಿ. ಶನಿವಾರದಿಂದ ಶುಕ್ರವಾರದವರೆಗಿನ ಲೆಕ್ಕ ಸೇರಿಸಿ ಮುಂದಿನ ಗುರುವಾರ ಅಂಕಿ ಹೊರಬೀಳುತ್ತದೆ.

ಇನ್ನೊಂದು ಮುಖ್ಯ ವಿಷಯ ಇದೆ. ಈ ಬಾರ್ಕ್ ಯಾರದ್ದು? ನೂರಕ್ಕೆ ಅರವತ್ತು ಪಾಲು ಚಾನೆಲ್‌ಗಳ ಒಕ್ಕೂಟದ್ದು. ಇಪ್ಪತ್ತು ಪಾಲು ಜಾಹೀರಾತು ಏಜೆನ್ಸಿಗಳ ಸಂಘದ್ದು. ಉಳಿದ ಇಪ್ಪತ್ತು ಪಾಲು ಜಾಹೀರಾತು ಕೊಡುವವರ ಸಂಘದ್ದು, ಅಂದರೆ ನಿಮ್ಮದೇ. ನೋಡುವವರ ಪಾಲು ಸೊನ್ನೆ. ಹಾಗಾಗಿ "ಅಂಕಿ ಯಾರೋ ಕೊಡುತ್ತಾರೆ, ನಾವು ನೋಡುತ್ತೇವೆ ಅಷ್ಟೇ" ಎಂಬ ಮಾತನ್ನು ದಯವಿಟ್ಟು ಹೇಳಬೇಡಿ.

ಈಗ ನನ್ನ ಪಾಠದ ಭಾಗ. 2025ರ ಜುಲೈನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ರೇಟಿಂಗ್ ನಿಯಮ ಬದಲಿಸುವ ಕರಡು ಹೊರಡಿಸಿದಾಗ ಒಂದು ಲೆಕ್ಕ ಕೊಟ್ಟಿತು. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ. ಮೀಟರ್ ಇರುವುದು 58,000. ಶೇಕಡಾ 0.025. ಅಂದರೆ ಹೆಚ್ಚುಕಡಿಮೆ 4,000 ಮನೆಗೆ ಒಂದು. ಇದಕ್ಕೂ ಮುಂಚೆ, 2020ರ ಏಪ್ರಿಲ್‌ನಲ್ಲಿ ಫೋನು, ಟಿವಿ ಸೇವೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ ಶಿಫಾರಸು ಮಾಡಿತ್ತು, 2022ರ ಕೊನೆಗೆ ಒಂದು ಲಕ್ಷ ಮನೆ ಆಗಲಿ ಅಂತ. ಆಗಲಿಲ್ಲ. ಯಾಕೆ ಅಂದರೆ ದುಡ್ಡು, ಒಂದೊಂದು ಮೀಟರ್ ಸಾಕುವುದೂ ಖರ್ಚಿನ ಬಾಬ್ತು. ಆ ಖರ್ಚು ಬರಬೇಕಾದದ್ದು ಚಾನೆಲ್‌ಗಳಿಂದ, ಏಜೆನ್ಸಿಗಳಿಂದ, ನಿಮ್ಮಿಂದ.

ಸಣ್ಣ ಪಾಲು ಅನ್ನುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನನ್ನ ವಿದ್ಯಾರ್ಥಿಗಳೇ ನಗುತ್ತಾರೆ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಇಡೀ ಪಾತ್ರೆ ಹಿಸುಕಬೇಕಿಲ್ಲ. ಸರಿ. ಆದರೆ ಕರ್ನಾಟಕ ಒಂದೇ ಪಾತ್ರೆ ಅಂತ ನಿಮಗೆ ಯಾರು ಹೇಳಿದರು? ಕಲಬುರಗಿಯ ಮನೆಯಲ್ಲಿ ನಗು ಬರುವ ಮಾತಿಗೆ ಮಂಗಳೂರಿನ ಮನೆಯಲ್ಲಿ ನಗು ಬರಬೇಕೆಂದಿಲ್ಲ. ಚಾಮರಾಜನಗರದವರು ನೋಡುವ ಹೊತ್ತಿಗೆ ಬೆಂಗಳೂರಿನವರು ಇನ್ನೂ ಸಿಲ್ಕ್ ಬೋರ್ಡ್ ದಾಟಿರುವುದಿಲ್ಲ.

ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಒಂದು ರಾಜ್ಯದಲ್ಲಿ 3,000 ಮನೆಗೆ ಮೀಟರ್ ಇದೆ. ಒಂದು ಸೀರಿಯಲ್ಲಿಗೆ 2 ಪಾಯಿಂಟ್ ಬಂತು. ಸರಳ ಮಾಡಿ ಹೇಳುವುದಾದರೆ ನೂರಕ್ಕೆ ಎರಡು ಮನೆ, ಅಂದರೆ 60 ಮನೆಯಲ್ಲಿ ಅದು ಓಡುತ್ತಿತ್ತು. ಅದೃಷ್ಟದ ಆಟದಿಂದಲೇ ಈ 60 ಅನ್ನುವುದು 45ರಿಂದ 75ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಅಂದರೆ ನಿಜವಾದ ಅಂಕಿ 1.5 ಇರಬಹುದು, 2.5 ಕೂಡ ಇರಬಹುದು. ಈಗ ನಿಮ್ಮವರು ಬರುತ್ತಾರೆ. "ನಮಗೆ ಎಲ್ಲರೂ ಬೇಡ, ಇಂಥ ವಯಸ್ಸಿನ, ಇಂಥ ವರ್ಗದ ಹೆಂಗಸರು ಸಾಕು" ಅನ್ನುತ್ತಾರೆ. ಅಂಥವರು ಸಿಗುವುದು 1,000 ಮನೆಯಲ್ಲಿ ಅಂತ ಇಟ್ಟುಕೊಳ್ಳಿ. ಅಲ್ಲಿ 2 ಪಾಯಿಂಟ್ ಅಂದರೆ 20 ಮನೆ. ಅದು 11 ಆಗಬಹುದು, 29 ಆಗಬಹುದು. ಪಕ್ಕದ ಚಾನೆಲ್‌ನ ಸೀರಿಯಲ್ಲಿಗೆ 2.3 ಬಂತು, ಇದಕ್ಕೆ 2.0 ಬಂತು, ಹಾಗಾಗಿ ಇದು ಸೋತಿತು ಎಂದು ಹೇಳುವುದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ. ನನ್ನ ಕ್ಲಾಸಿನಲ್ಲಿ ಯಾರಾದರೂ ಪರೀಕ್ಷೆಯಲ್ಲಿ ಹಾಗೆ ಬರೆದರೆ ಸೊನ್ನೆ ಹಾಕುತ್ತೇನೆ. ನಿಮ್ಮಲ್ಲಿ ಅದೇ ಉತ್ತರದ ಮೇಲೆ ದುಡ್ಡು ಅತ್ತಿತ್ತ ಹರಿಯುತ್ತದೆ.

ದೊಡ್ಡ ಸೀರಿಯಲ್‌ಗಳಿಗೆ ಇದರಿಂದ ಅಷ್ಟು ತೊಂದರೆ ಇಲ್ಲ, ಏಳೆಂಟು ಪಾಯಿಂಟ್ ಬರುವವರಿಗೆ ಅರ್ಧ ಪಾಯಿಂಟ್ ಆಚೀಚೆ ಆದರೆ ಏನೂ ಆಗುವುದಿಲ್ಲ. ಸಾಯುವುದು ಸಣ್ಣವು. ಹೊಸದಾಗಿ ಶುರುವಾದವು, ಸಣ್ಣ ಚಾನೆಲ್‌ನವು, ತಡರಾತ್ರಿಯವು, ಸ್ವಲ್ಪ ಬೇರೆ ತರಹದ ಕಥೆ ಹೇಳಲು ಹೊರಟವು. ಅಳತೆ ಎಲ್ಲಿ ಜಾಸ್ತಿ ಅಲುಗಾಡುತ್ತದೋ ಅಲ್ಲೇ ಕತ್ತರಿಯೂ ಬೇಗ ಬೀಳುತ್ತದೆ. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕೆ.

ಮತ್ತೆ, ಅಳತೆಯ ಮನೆಗಳಿಗೇ ದುಡ್ಡು ಹಂಚಿದರೆ? 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಅದೇ ಆರೋಪ ಮಾಡಿದರು. ಮೀಟರ್ ಇದ್ದ ಮನೆಗಳಿಗೆ ತಿಂಗಳಿಗೆ ನಾನೂರು ಐನೂರು ರೂಪಾಯಿ ಕೊಟ್ಟು ಒಂದೇ ಚಾನೆಲ್ ಹಾಕಿಸಿಡುತ್ತಿದ್ದರು ಎಂದು. ಆ ಕೇಸನ್ನು 2024ರಲ್ಲಿ ಸರ್ಕಾರವೇ ವಾಪಸು ಪಡೆಯಿತು, ಹಾಗಾಗಿ ಯಾರು ಏನು ಮಾಡಿದರು ಅಂತ ನಾನು ಹೇಳುವುದಿಲ್ಲ. ನನಗೆ ಆಸಕ್ತಿ ಇರುವುದು ಆಮೇಲೆ ನಡೆದದ್ದರಲ್ಲಿ. ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದರು. 2022ರ ಮಾರ್ಚ್‌ನಲ್ಲಿ ಮತ್ತೆ ಶುರು ಮಾಡಿದಾಗ ವಾರವಾರದ ಅಂಕಿ ಬಿಟ್ಟು ನಾಲ್ಕು ವಾರದ ಸರಾಸರಿ ಕೊಡುವುದು ಎಂದಾಯಿತು. ವಾರದ ಅಂಕಿಯ ಹಿಂದೆ ಓಡಿದರೆ ನ್ಯೂಸ್‌ನವರ ತಲೆ ಕೆಡುತ್ತದೆ ಅಂತ ತಾನೇ ಅದರ ಅರ್ಥ? ಹಾಗಾದರೆ ಸೀರಿಯಲ್ ಮಾಡುವವರ ತಲೆ ಏನು ಕಬ್ಬಿಣದ್ದಾ? ನಾಲ್ಕು ವಾರದ ಸರಾಸರಿ ಅವರಿಗೂ ಕೊಡಬಹುದಲ್ಲ. ಯಾವ ಹೊಸ ಮೀಟರೂ ಬೇಡ, ಕೂಡಿ ಭಾಗಿಸಿದರೆ ಆಯಿತು.

ಇನ್ನು ಯಾರು ನೋಡುತ್ತಾರೆ ಎಂಬ ವಿಚಾರ. ಇದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ರೇಟಿಂಗ್ ಲೆಕ್ಕದಲ್ಲಿ ಎಲ್ಲ ಮನೆಯೂ ಒಂದೇ ಅಲ್ಲ. ಎನ್‌ಸಿಸಿಎಸ್ ಅಂತ ಒಂದು ವರ್ಗೀಕರಣ ಇದೆ. ಮನೆಯ ಮುಖ್ಯ ದುಡಿಯುವವರು ಎಷ್ಟು ಓದಿದ್ದಾರೆ ಎಂದು ಕೇಳುತ್ತಾರೆ. ಆಮೇಲೆ ಹನ್ನೊಂದು ವಸ್ತುಗಳ ಪಟ್ಟಿ ಹಿಡಿದು ಕೇಳುತ್ತಾರೆ: ಕರೆಂಟ್ ಇದೆಯಾ, ಸೀಲಿಂಗ್ ಫ್ಯಾನ್, ಗ್ಯಾಸ್ ಒಲೆ, ಟೂ ವೀಲರ್, ಕಲರ್ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್, ಕಾರು, ಎಸಿ, ಹೊಲ ಗದ್ದೆ. ಉತ್ತರ ನೋಡಿ ಎ, ಬಿ, ಸಿ, ಡಿ, ಇ ಅಂತ ದರ್ಜೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಮತ್ತು ನಮ್ಮ ಅತ್ತೆ ಇಬ್ಬರೂ ಒಂದೇ ಸೀರಿಯಲ್ ನೋಡಿ ಮಾರನೆಯ ದಿನ ಬೆಳಗ್ಗೆ ಒಟ್ಟಿಗೆ ಕೂತು ಅದನ್ನೇ ಮಾತಾಡುತ್ತಾರೆ, ಒಂದೇ ವಿಲನ್‌ಗೆ ಶಾಪ ಹಾಕುತ್ತಾರೆ. ದುಬಾರಿ ಸಾಮಾನು ಮಾರುವ ನಿಮಗೆ ಮಾತ್ರ ಅತ್ತೆಯ ಶಾಪಕ್ಕೆ ಬೆಲೆ ಜಾಸ್ತಿ, ಅಕ್ಕನ ಶಾಪಕ್ಕೆ ಕಡಿಮೆ. ಅದೂ ಅತ್ತೆಗೆ ಅರವತ್ತು ದಾಟಿರುವುದರಿಂದ ಬೇರೆ ಕೆಲವರ ಪಟ್ಟಿಯಲ್ಲಿ ಅವರೂ ಇಲ್ಲ.

ಅಮೆರಿಕದಲ್ಲಿ ಈ ಆಟ ಬಹಳ ಹಿಂದೆಯೇ ಆಡಿ ಮುಗಿಸಿದ್ದಾರೆ. 1971ರ ಸುಮಾರಿಗೆ ಸಿಬಿಎಸ್ ಚಾನೆಲ್ ಹಳ್ಳಿ ಬದುಕಿನ ಕಾರ್ಯಕ್ರಮಗಳನ್ನು ಒಂದೇ ಸಲ ತೆಗೆದುಹಾಕಿತು. ಅವಕ್ಕೆ ನೋಡುಗರು ಕಡಿಮೆ ಇರಲಿಲ್ಲ. ನೋಡುವವರು ಹಳ್ಳಿಯವರು, ವಯಸ್ಸಾದವರು, ಜಾಹೀರಾತುದಾರರಿಗೆ ಬೇಕಾದದ್ದು ಪೇಟೆಯ ಯುವಕರು. ಹಾಗೆ ಹೊರಬಿದ್ದವುಗಳಲ್ಲಿ 'ಹೀ ಹಾ' ಎಂಬ ಹಾಡು ಹಾಸ್ಯದ ಕಾರ್ಯಕ್ರಮ ಊರೂರಿನ ಸಣ್ಣ ಸ್ಟೇಷನ್‌ಗಳಿಗೆ ನೇರವಾಗಿ ಮಾರಿಕೊಂಡು ಇನ್ನೂ ಇಪ್ಪತ್ತು ವರ್ಷ ಬದುಕಿತು. ನೋಡುವವರು ಇದ್ದರು, ಅವರು ಬೇಡವಾಗಿದ್ದರು, ಅಷ್ಟೇ. ನಮ್ಮಲ್ಲಿ 2015ರ ಅಕ್ಟೋಬರ್‌ನಲ್ಲಿ ಬಾರ್ಕ್ ಹಳ್ಳಿಗಳ ಅಂಕಿಯನ್ನೂ ಸೇರಿಸಿದಾಗ ಹಿಂದಿ ಚಾನೆಲ್‌ಗಳ ಪಟ್ಟಿಯಲ್ಲಿ ಉಚಿತವಾಗಿ ಸಿಗುವ ಚಾನೆಲ್‌ಗಳು ದಡದಡ ಮೇಲೆ ಬಂದವು. ಜನ ಅಷ್ಟು ದಿನವೂ ನೋಡುತ್ತಲೇ ಇದ್ದರು. ಎಣಿಸಿರಲಿಲ್ಲ.

ಎಣಿಸದವರು ಈಗಲೂ ಇದ್ದಾರೆ. ಫೋನಿನಲ್ಲಿ ನೋಡುವವರು. ಜೀ5, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್, ಎಲ್ಲದರಲ್ಲೂ ಕನ್ನಡ ಸೀರಿಯಲ್ ಸಿಗುತ್ತದೆ. ನನ್ನ ತಂಗಿ ಬೆಂಗಳೂರಿನ ಮೆಟ್ರೋದಲ್ಲಿ ನಿಂತುಕೊಂಡೇ ಒಂದು ಸಂಚಿಕೆ ಮುಗಿಸುತ್ತಾಳೆ. ದುಬೈಯಲ್ಲಿರುವ ಕನ್ನಡಿಗರು ರಜೆಯ ದಿನ ಕೂತು ವಾರದ್ದೆಲ್ಲ ಒಟ್ಟಿಗೆ ನೋಡುತ್ತಾರೆ. ಇವರು ಯಾರೂ ಗುರುವಾರದ ಆ ಅಂಕಿಯಲ್ಲಿ ಇಲ್ಲ. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಕೂತು ಕನ್ನಡ ಚಾನೆಲ್ ನೋಡುವವರನ್ನೂ ಕೇಳುವವರಿಲ್ಲ, ಯಾಕೆಂದರೆ ನಿಮ್ಮ ಕಾಗದದಲ್ಲಿ ಕನ್ನಡದ ಮಾರುಕಟ್ಟೆ ಅಂದರೆ ಕರ್ನಾಟಕ ಮಾತ್ರ.

ಮತ್ತೊಂದು ವಿಚಿತ್ರ ಹೇಳುತ್ತೇನೆ. ಅಂಕಿ ಬರದ ಸೀರಿಯಲ್ ಅರ್ಧದಲ್ಲಿ ಸಾಯುತ್ತದೆ. ಅಂಕಿ ಬಂದ ಸೀರಿಯಲ್‌ಗೆ ಸಾಯಲೂ ಬಿಡುವುದಿಲ್ಲ. ಕಥೆ ಮುಗಿದು ಎರಡು ವರ್ಷ ಆಗಿರುತ್ತದೆ, ಆದರೂ ಎಳೆಯುತ್ತಾರೆ. ನಾಯಕಿಗೆ ನೆನಪು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಅವಳ ತದ್ರೂಪಿ ಒಬ್ಬಳು ಎಲ್ಲಿಂದಲೋ ಇಳಿಯುತ್ತಾಳೆ. ಐದು ವರ್ಷ ಮುಂದಕ್ಕೆ ಹಾರಿ ಮಗು ಸ್ಕೂಲ್ ಯೂನಿಫಾರ್ಮಿನಲ್ಲಿ ಬಂದು ನಿಲ್ಲುತ್ತದೆ. ಅಂಕಿ ಇಳಿಯತೊಡಗಿದರೆ ಎರಡು ಸೀರಿಯಲ್‌ನವರನ್ನು ಒಂದೇ ಮದುವೆ ಮನೆಗೆ ಕರೆಸಿ ಮಹಾಸಂಗಮ. ಬರೆಯುವವರಿಗೆ ಬರೆಯಲು ಬರುವುದಿಲ್ಲ ಅಂತ ನಾವು ಆಡಿಕೊಳ್ಳುತ್ತೇವೆ. ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ. ಕೊನೆ ಯಾವಾಗ ಅಂತ ಗೊತ್ತಿಲ್ಲದೆ ಕಥೆ ಬರೆಯುವುದು ಹೇಗೆ? ಮುಂದಿನ ತಿಂಗಳು ಮುಗಿಸಬೇಕಾಗಬಹುದು, ಇನ್ನೂ ನಾಲ್ಕು ವರ್ಷ ನಡೆಸಬೇಕಾಗಬಹುದು, ಎರಡಕ್ಕೂ ಸಿದ್ಧವಾಗಿ ಇವತ್ತಿನ ದೃಶ್ಯ ಬರೆ ಅಂದರೆ ಯಾವ ದೊಡ್ಡ ಬರಹಗಾರನಾದರೂ ನೆನಪು ಹೋಗುವ ಕಾಯಿಲೆಯನ್ನೇ ತರುತ್ತಾನೆ.

ಹಳೇ ದೂರದರ್ಶನದ ಕಾಲದಲ್ಲಿ ಹದಿಮೂರು ಸಂಚಿಕೆ ಅಂತ ಮೊದಲೇ ಹೇಳಿ ಕೊಡುತ್ತಿದ್ದರು. ಬರೆಯುವವರಿಗೆ ತಲೆ ಬಾಲ ಎರಡೂ ಗೊತ್ತಿರುತ್ತಿತ್ತು. ದೂರದರ್ಶನ ಸ್ವರ್ಗವಾಗಿತ್ತು ಅಂತಲ್ಲ, ಅಲ್ಲಿನ ಕಷ್ಟ ಬೇರೆ. ಆದರೆ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ 'ಥಟ್ ಅಂತ ಹೇಳಿ' ನಡೆಸಿಕೊಂಡು ಬಂದರಲ್ಲ, ಸಾವಿರಾರು ಸಂಚಿಕೆ, ಬಹುಮಾನ ಅಂದರೆ ಪುಸ್ತಕ. ಇಂಥದ್ದೊಂದು ಕಾರ್ಯಕ್ರಮವನ್ನು ಗುರುವಾರದ ಅಂಕಿ ನೋಡಿ ನಡೆಸುವ ಚಾನೆಲ್ ಎಷ್ಟು ವಾರ ಇಟ್ಟುಕೊಳ್ಳುತ್ತಿತ್ತು ಹೇಳಿ. ನನಗಂತೂ ಎರಡು ತಿಂಗಳಿಗಿಂತ ಮುಂದೆ ಕಾಣುವುದಿಲ್ಲ.

ಅಂಕಿ ಎಷ್ಟು ಜನ ಎಂದು ಹೇಳುತ್ತದೆ, ಎಷ್ಟು ಆಸೆಯಿಂದ ಎಂದು ಹೇಳುವುದಿಲ್ಲ. 2020ರಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರ್ ಅವರ ಬದುಕಿನ 'ಮಹಾನಾಯಕ' ಬಂದಾಗ ನೀವು ಹಳ್ಳಿಗಳ ಕಡೆ ಹೋಗಿದ್ದರೆ ನೋಡುತ್ತಿದ್ದಿರಿ. ಡಬ್ ಮಾಡಿದ ಸೀರಿಯಲ್ ಅದು. ಅದಕ್ಕೆ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಊರೂರಲ್ಲಿ ಫ್ಲೆಕ್ಸ್ ಕಟ್ಟಿದರು. ಸಿನಿಮಾ ನಟರಿಗೆ ಕಟ್ಟುವುದು ಬೇರೆ, ಸೀರಿಯಲ್‌ಗೆ ಫ್ಲೆಕ್ಸ್ ಕಟ್ಟಿದ್ದು ನಾನು ಅದೇ ಮೊದಲು ನೋಡಿದ್ದು. ಫ್ಲೆಕ್ಸ್ ಕಟ್ಟಿದ ಹುಡುಗನ ಮನೆಯಲ್ಲಿ ಮೀಟರ್ ಇದ್ದರೂ ಅವನು ಒಂದೇ ಲೆಕ್ಕ, ಟಿವಿ ಹಾಕಿ ಪಕ್ಕದಲ್ಲಿ ನಿದ್ದೆ ಹೋದವನೂ ಒಂದೇ ಲೆಕ್ಕ. ಅದೇ 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' ನಿಂತಾಗ ಎಷ್ಟೊಂದು ಜನ ಬೇಜಾರು ಮಾಡಿಕೊಂಡರು. ಕೊರೋನಾಕ್ಕೆ ಯಾರನ್ನೂ ದೂರಲು ಆಗುವುದಿಲ್ಲ. ಆದರೂ ಮುಗಿಯದ ಕಥೆ ಎಷ್ಟು ವರ್ಷ ಜನರ ಬಾಯಲ್ಲಿ ಉಳಿಯುತ್ತದೆ ನೋಡಿ. ನಿಮ್ಮ ಪಕ್ಕದ ಮನೆಯವರನ್ನೇ ಕೇಳಿ.

ಈಗ ನಿಮಗೇ ಯಾಕೆ ಬರೆದೆ ಅನ್ನುವುದಕ್ಕೆ ಕಾರಣ. 2009ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ 'ಚಕ್' ಎಂಬ ಸರಣಿ ರೇಟಿಂಗ್ ಸಾಲದೆ ನಿಲ್ಲುವುದರಲ್ಲಿತ್ತು. ಅದರ ಅಭಿಮಾನಿಗಳು ಚಾನೆಲ್‌ಗೆ ಬೈಯುತ್ತಾ ಕೂರಲಿಲ್ಲ. ಆ ಸರಣಿಯಲ್ಲಿ ಸಬ್‌ವೇ ಎಂಬ ಸ್ಯಾಂಡ್‌ವಿಚ್ ಕಂಪನಿ ಜಾಹೀರಾತು ಮಾಡುತ್ತಿತ್ತು. ಸೀಸನ್‌ನ ಕೊನೆಯ ಸಂಚಿಕೆಯ ದಿನ ಗುಂಪುಗುಂಪಾಗಿ ಅದರ ಅಂಗಡಿಗಳಿಗೆ ಹೋಗಿ ಸ್ಯಾಂಡ್‌ವಿಚ್ ಕೊಂಡು, "ಚಕ್‌ಗೋಸ್ಕರ ಬಂದಿದ್ದೇವೆ" ಎಂದು ಚೀಟಿ ಬರೆದು ಡಬ್ಬಿಗೆ ಹಾಕಿ ಬಂದರು. ಮುಂದಿನ ತಿಂಗಳು ಸರಣಿ ಉಳಿಯಿತು, ಸಬ್‌ವೇ ದೊಡ್ಡ ಪ್ರಾಯೋಜಕ ಆಯಿತು. ಆ ಅಭಿಮಾನಿಗಳಿಗೆ ಮೀಟರ್ ಇರುವ ಮನೆ ಹುಡುಕುವ ಅಗತ್ಯವೇ ಬೀಳಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಿದ್ದರೆ ಸಾಕಾಯಿತು.

ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತದೆ. ಟಿವಿ ಧರ್ಮಛತ್ರ ಅಲ್ಲ. ಯಾರೂ ನೋಡದ ಕಡೆ ದುಡ್ಡು ಸುರಿ ಅಂತ ನಾನು ಹೇಳುವುದಿಲ್ಲ. ಕೆಟ್ಟ ಸೀರಿಯಲ್‌ಗಳೂ ಇವೆ, ಕೆಲವು ನಿಂತಾಗ ನಾನೇ ಉಸ್ಸಪ್ಪಾ ಅಂದಿದ್ದೇನೆ. ಎಲ್ಲವನ್ನೂ ಉಳಿಸಿ ಅಂತ ಕೇಳಿದರೆ ಅದು ಹಟ ಆಗುತ್ತದೆ. ನಾನು ಕೇಳುತ್ತಿರುವುದು ಸಾಯುವ ರೀತಿಯ ಬಗ್ಗೆ.

ಚಾನೆಲ್ ಜೊತೆ ನೀವು ಒಪ್ಪಂದ ಮಾಡಿಕೊಳ್ಳುತ್ತೀರಲ್ಲ, ಇಷ್ಟು ಸೆಕೆಂಡು, ಇಷ್ಟು ದರ, ಬ್ರೇಕಿನ ಮೊದಲ ಜಾಗ ನಮಗೇ, ಪಕ್ಕದಲ್ಲಿ ನಮ್ಮ ಎದುರಾಳಿ ಕಂಪನಿ ಬರಬಾರದು ಅಂತೆಲ್ಲ ಕೂದಲು ಸೀಳಿ ಬರೆಸುತ್ತೀರಲ್ಲ, ಅದರಲ್ಲಿ ಇನ್ನೊಂದು ಸಾಲು ಬರೆಸಿ. ನಾವು ಪ್ರಾಯೋಜಿಸುವ ಕಥೆ ನಿಲ್ಲುವುದಾದರೆ ಬರೆಯುವವರಿಗೆ ಮೊದಲೇ ಹೇಳಬೇಕು, ಮುಗಿಸಲು ಇಪ್ಪತ್ತು ಸಂಚಿಕೆ ಇರಬೇಕು. ವಾರಕ್ಕೆ ಐದರಂತೆ ನಾಲ್ಕೇ ವಾರ. ಅಷ್ಟರಲ್ಲಿ ಕೋರ್ಟ್ ಕೇಸೂ ಮುಗಿಯುತ್ತದೆ, ಅಣ್ಣನಿಗೆ ಬುದ್ಧಿ ಬರಲೂ ಒಂದು ಕಾರಣ ಸಿಗುತ್ತದೆ. ಲೈಟ್ ಹುಡುಗರಿಗೆ, ಮೇಕಪ್‌ನವರಿಗೆ, ಸೆಟ್ಟಿಗೆ ಊಟ ತರುವವರಿಗೆ, ದಿನಗೂಲಿಯ ಜೂನಿಯರ್ ಕಲಾವಿದರಿಗೆ ಮುಂದಿನ ಕೆಲಸ ಹುಡುಕಿಕೊಳ್ಳಲು ಅದೇ ನಾಲ್ಕು ವಾರ ಸಿಗುತ್ತದೆ. "ನಾಳೆಯಿಂದ ಶೂಟಿಂಗ್ ಇಲ್ಲ" ಅಂತ ರಾತ್ರಿ ಫೋನ್ ಬಂದರೆ ಬಾಡಿಗೆ ಕಟ್ಟುವುದು ಹೇಗೆ ಅಂತ ಅವರನ್ನು ಕೇಳಿ ನೋಡಿ. ನಿಮಗೂ ನಷ್ಟ ಇಲ್ಲ. ಮುಗಿಯುತ್ತಿದೆ ಎಂದು ಗೊತ್ತಾದ ಕಥೆಗೆ ಬಿಟ್ಟುಹೋದ ನೋಡುಗರೂ ವಾಪಸು ಬರುತ್ತಾರೆ, ನಮ್ಮ ಮನೆಯಲ್ಲಿ ಹಾಗೇ ಆಗುತ್ತದೆ.

ಹೊಸ ಸೀರಿಯಲ್‌ಗೆ ಹದಿಮೂರು ವಾರ ಕೊಡಿ. ಅಷ್ಟರ ತನಕ ದರದ ಚೌಕಾಸಿ ಬೇಡ. ನಿಮ್ಮ ಏಜೆನ್ಸಿಯವರು ಅಂಕಿ ತಂದಾಗ, "ಇದು ಎಷ್ಟು ಆಚೀಚೆ ಆಗಬಹುದು" ಅಂತ ಒಂದು ಪ್ರಶ್ನೆ ಕೇಳಿ. ಅವರಿಗೆ ಉತ್ತರ ಗೊತ್ತು, ನೀವು ಕೇಳದ್ದರಿಂದ ಅವರು ಹೇಳುವುದಿಲ್ಲ. ಫೋನಿನ ನೋಡುಗರನ್ನು ಸೇರಿಸಿ ಎಣಿಸಿ ಎಂದು ಬಾರ್ಕ್‌ನಲ್ಲಿ ನಿಮ್ಮ ಇಪ್ಪತ್ತು ಪಾಲಿನ ಕುರ್ಚಿಯಲ್ಲಿ ಕೂತವರಿಗೆ ಹೇಳಿ. ಮೀಟರ್ ಜಾಸ್ತಿ ಮಾಡಲು ಖರ್ಚು ಅನ್ನುತ್ತಾರೆ, ನಿಮ್ಮ ಒಂದು ಹೊಸ ಶಾಂಪೂ ಬಿಡುಗಡೆಗೆ ಸಿನಿಮಾ ತಾರೆಗೆ ಎಷ್ಟು ಕೊಡುತ್ತೀರಿ ಅನ್ನುವುದನ್ನು ಆಗ ನೆನಪಿಸಿಕೊಳ್ಳಿ.

ಇನ್ನೊಂದು ಸಣ್ಣ ತಕರಾರು, ಇದೇ ಪತ್ರದಲ್ಲಿ ತುರುಕಿಬಿಡುತ್ತೇನೆ. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ಕೇಬಲ್ ಟಿವಿ ನಿಯಮದಲ್ಲಿದೆ, ಅದರಲ್ಲಿ ಎರಡು ನಿಮಿಷ ಚಾನೆಲ್‌ನ ಸ್ವಂತ ಪ್ರೋಮೋಗೆ. ಟ್ರಾಯ್ ಅದನ್ನು ಬಿಗಿ ಮಾಡಲು ಹೋದಾಗ ಚಾನೆಲ್‌ನವರು ದೆಹಲಿ ಹೈಕೋರ್ಟಿಗೆ ಹೋದರು. ನಮ್ಮ ಅತ್ತೆಗೆ ಕೋರ್ಟು ಕಾನೂನು ಗೊತ್ತಿಲ್ಲ. ಬ್ರೇಕ್ ಬಂದಾಗ ಎದ್ದು ಹೋಗಿ ಚಪಾತಿ ಹಿಟ್ಟು ಕಲಸಿ ನಾದಿಟ್ಟು ಬರುತ್ತಾರೆ, ಇನ್ನೂ ಬ್ರೇಕೇ ನಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಜಾಹೀರಾತು ನೋಡುತ್ತಿರುವುದು ನಮ್ಮ ಮನೆಯ ಸೋಫಾ.

ದಸರಾ ಹೊತ್ತಿಗೆ ಬಿಗ್ ಬಾಸ್ ಶುರುವಾಗುತ್ತದೆ. ಅದಕ್ಕೆ ಜಾಗ ಬಿಡಲು ಯಾವುದೋ ಒಂದೆರಡು ಸೀರಿಯಲ್‌ನ ಟೈಮ್ ಬದಲಾಗುತ್ತದೆ, ಇನ್ಯಾವುದೋ ಮುಗಿಯುತ್ತದೆ. ಈ ಸಲ ನಾನು ಮತ್ತು ಅತ್ತೆ ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಹಿಂದಿನ ಪುಟ ತಿರುಗಿಸಿ ಬರೆದಿಡುತ್ತೇವೆ: ಸೀರಿಯಲ್ ಹೆಸರು, ಪ್ರಾಯೋಜಕರ ಹೆಸರು, ಮುಗಿಸಲು ಎಷ್ಟು ಸಂಚಿಕೆ ಕೊಟ್ಟರು. ತಿಂಗಳ ಸಾಮಾನು ತರುವವಳು ನಾನೇ. ಪಟ್ಟಿ ಬರೆಸುವುದು ಅತ್ತೆ. ನಮ್ಮ ಬೀದಿಯಲ್ಲಿ ಇನ್ನೂ ಕೆಲವರು ಒಪ್ಪಿದ್ದಾರೆ, ನಿಮ್ಮ ಲೆಕ್ಕದ ಪ್ರಕಾರ ಎ ಇಂದ ಡಿ ವರೆಗೆ ಎಲ್ಲ ದರ್ಜೆಯವರೂ ಇದ್ದಾರೆ. ಬಾತ್‌ರೂಮ್ ತೊಳೆಯುವ ಲಿಕ್ವಿಡ್‌ನಲ್ಲಿ ಯಾವ ಕಂಪನಿಯದ್ದು ತಂದರೂ ನಮಗೆ ಅಂಥ ವ್ಯತ್ಯಾಸ ಏನೂ ಕಂಡಿಲ್ಲ, ಆದ್ದರಿಂದ ಬದಲಾಯಿಸುವುದು ಕಷ್ಟ ಆಗಲಿಕ್ಕಿಲ್ಲ.

ಉತ್ತರ ಬರೆಯುವುದಿದ್ದರೆ ಕನ್ನಡದಲ್ಲೇ ಬರೆಯಿರಿ, ಅತ್ತೆಗೂ ಓದಲು ಕೊಡಬೇಕು.

ಇಂತಿ,
ಒಬ್ಬ ವೀಕ್ಷಕಿ, ಹಾಸನ ಜಿಲ್ಲೆ